ಪಂಜರದ ಹಕ್ಕಿಯ ಮೌನ

ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥರ ವಿವಾಹದ ಮೆರವಣಿಗೆಯ ಪ್ರಸಂಗ ಜೈನರಿಗೆಲ್ಲ ಪರಿಚಿತವಾದುದು. ರಾಜೀಮತಿಯ ಕೈಹಿಡಿಯಲು ಹೊರಟ ವರನ ಕಿವಿಗೆ ದಾರಿಯಲ್ಲಿ ಪ್ರಾಣಿಗಳ ಆರ್ತನಾದ ಬಿತ್ತು. ಮದುವೆಯ ಔತಣಕ್ಕೆಂದು ಅವುಗಳನ್ನು ದೊಡ್ಡಿಗಳಲ್ಲಿಯೂ ಪಂಜರಗಳಲ್ಲಿಯೂ ಕೂಡಿಹಾಕಲಾಗಿತ್ತು. ಸಾರಥಿಯಿಂದ ಕಾರಣವನ್ನು ತಿಳಿದ ನೇಮಿಕುಮಾರರು ರಥವನ್ನು ಹಿಂದಿರುಗಿಸಿದರು. ಅವರ ದಾರಿ ಗಿರ್ನಾರಿನ ಕಡೆಗೆ ತಿರುಗಿತು. ಪ್ರವಚನಗಳಲ್ಲಿ ಇದನ್ನು ವೈರಾಗ್ಯಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಆದರೆ ವೈರಾಗ್ಯಕ್ಕಿಂತ ಮೊದಲು ಅಲ್ಲಿ ನಡೆದದ್ದು ಕೇಳಿಸಿಕೊಳ್ಳುವ ಕ್ರಿಯೆ. ಮೆರವಣಿಗೆಯಲ್ಲಿದ್ದ ಎಲ್ಲರ ಕಿವಿಗೂ ಆ ಧ್ವನಿ ಬಿದ್ದಿರಲೇಬೇಕು. ಅದು ದುಃಖದ ಧ್ವನಿಯೆಂದು ಅರಿತವರು ಒಬ್ಬರೇ.

ಕೂಗುವ ಪ್ರಾಣಿಯ ದುಃಖವನ್ನು ಅರಿಯುವುದೇ ಇಷ್ಟು ವಿರಳವಾದರೆ, ಕೂಗದ ಪ್ರಾಣಿಯ ಗತಿಯೇನು? ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವಿದೆ. ಅಹಿಂಸಾಣುವ್ರತವನ್ನು ಸ್ವೀಕರಿಸಿದ ಕುಟುಂಬಗಳ ಪಡಸಾಲೆ, ಬಾಲ್ಕನಿಗಳಲ್ಲಿಯೂ ಫಿಂಚ್ ಹಕ್ಕಿಗಳ ಪಂಜರ ತೂಗುತ್ತಿರುವುದು ಕಾಣಸಿಗುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕೆಂದು ತಂದದ್ದಿರಬಹುದು, ನೆಂಟರು ಉಡುಗೊರೆಯಾಗಿ ಕೊಟ್ಟದ್ದಿರಬಹುದು. ನಾಯಿ ಬೆಕ್ಕುಗಳಿಗೆ ಮಾಂಸದ ಆಹಾರದ ಪ್ರಶ್ನೆ ಬರುತ್ತದೆ; ನವಣೆ, ಸಾಮೆ ತಿಂದು ಬದುಕುವ ಈ ಪುಟ್ಟ ಹಕ್ಕಿಯಿಂದ ವ್ರತಕ್ಕೆ ಯಾವ ಬಾಧೆಯೂ ಇಲ್ಲವೆಂಬ ಸಮಾಧಾನ ಮನೆಯವರಿಗೆ ಇರುತ್ತದೆ. ಆ ಸಮಾಧಾನವನ್ನು ಸ್ವಲ್ಪ ಕದಲಿಸಿ ನೋಡುವುದು ಅಗತ್ಯ.

ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ ಜೀಬ್ರಾ ಫಿಂಚ್ ಮೂಲತಃ ಆಸ್ಟ್ರೇಲಿಯದ ಒಣ ಹುಲ್ಲುಗಾವಲಿನ ಹಕ್ಕಿ. ತೂಕ ಸುಮಾರು 12 ಗ್ರಾಂ. ಗುಂಪಿನಲ್ಲಿ ಹಾರಾಡುತ್ತದೆ, ಕೂಡಿದ ಜೋಡಿಯನ್ನು ಬಿಟ್ಟಿರುವುದಿಲ್ಲ. ಗಿಡುಗಕ್ಕೂ ಹಾವಿಗೂ ಆಹಾರವಾಗುವ ಇಂಥ ಸಣ್ಣ ಹಕ್ಕಿಗಳು ತಮ್ಮ ನೋವನ್ನು ಹೊರಗೆ ತೋರಗೊಡುವುದಿಲ್ಲ, ಏಕೆಂದರೆ ಗುಂಪಿನಲ್ಲಿ ಬಳಲಿದಂತೆ ಕಂಡದ್ದೇ ಮೊದಲು ಬೇಟೆಯಾಗುತ್ತದೆ. ಪಂಜರದಲ್ಲಿ ಹುಟ್ಟಿ ಬೆಳೆದರೂ ಈ ಸ್ವಭಾವ ಹೋಗುವುದಿಲ್ಲ. ಆದ್ದರಿಂದ ಮನೆಯವರಿಗೆ ಹಕ್ಕಿಯ ಸಂಕಟ ತಿಳಿಯುವ ಹೊತ್ತಿಗೆ ಅದು ಬಹಳ ದಿನ ಅನುಭವಿಸಿಯಾಗಿರುತ್ತದೆ.

ಜೈನ ದರ್ಶನದ ದೃಷ್ಟಿಯಲ್ಲಿ ಹಕ್ಕಿ ಅಲ್ಪಜೀವಿಯಲ್ಲ. ಅದು ಪಂಚೇಂದ್ರಿಯ ತಿರ್ಯಂಚ, ಮನಸ್ಸುಳ್ಳ ಜೀವ. ತೀರ್ಥಂಕರರ ಸಮವಸರಣದ ಹನ್ನೆರಡು ಸಭೆಗಳಲ್ಲಿ ಒಂದು ತಿರ್ಯಂಚರಿಗೇ ಮೀಸಲು. ಇನ್ನು ಹಿಂಸೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಸ್ಸು ಎಂಬ ಹತ್ತು ಪ್ರಾಣಗಳಲ್ಲಿ ಯಾವುದೊಂದಕ್ಕೆ ಪ್ರಮಾದದಿಂದ ಘಾತವಾದರೂ ಅದು ಹಿಂಸೆಯೇ. ಗೃಹಸ್ಥನ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಎಂದರೆ ಕಟ್ಟಿಹಾಕುವುದು. ಇನ್ನೊಂದು ಅನ್ನಪಾನ ನಿರೋಧ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿಯೂ ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿಯೂ ಇವೆರಡನ್ನು ಎಣಿಸಿರುವುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಪಂಜರದ ಬಾಗಿಲು ಹಾಕಿದ ಕ್ಷಣದಲ್ಲಿಯೇ ಬಂಧ ನಡೆದುಹೋಗಿದೆ. ಅದನ್ನು ಪ್ರೀತಿಯ ಹೆಸರಿನಲ್ಲಿ ಇಲ್ಲವೆನ್ನಲಾಗದು.

ಪ್ರೀತಿಯೇ ಇಲ್ಲಿ ತೊಡಕು. ಸಿದ್ಧಾಂತದಲ್ಲಿ ರಾಗಕ್ಕೂ ದಯೆಗೂ ಬಹಳ ಅಂತರವಿದೆ. ಪಂಜರದ ಎದುರು ನಿಂತಾಗ ಆ ಅಂತರ ಕಣ್ಣಿಗೆ ಕಾಣಿಸುತ್ತದೆ. ಬೆಚ್ಚನೆಯ ಮಧ್ಯಾಹ್ನದಲ್ಲಿ ಹಕ್ಕಿ ಗರಿಗಳನ್ನು ಉಬ್ಬಿಸಿಕೊಂಡು ಚೆಂಡಿನಂತೆ ಕುಳಿತಿರುತ್ತದೆ. ಎಷ್ಟು ಮುದ್ದಾಗಿದೆ ಎಂದು ಮನೆಯವರು ಹಿಗ್ಗುತ್ತಾರೆ. ಚಳಿಯಿಲ್ಲದ ವೇಳೆಯಲ್ಲಿ ಹಾಗೆ ಬಹಳ ಹೊತ್ತು ಕುಳಿತರೆ ಅದಕ್ಕೆ ಮೈ ಸರಿಯಿಲ್ಲವೆಂದು, ದೇಹದ ಕಾವನ್ನು ಉಳಿಸಿಕೊಳ್ಳಲು ಹೆಣಗುತ್ತಿದೆಯೆಂದು ಅರ್ಥ. ತಲೆಯನ್ನು ಹಿಂದಕ್ಕೆ ತಿರುಚಿ ಒಂದೇ ಬಗೆಯಲ್ಲಿ ಸುತ್ತುತ್ತಿದ್ದರೆ, ಒಂದೇ ಮೂಲೆಯಿಂದ ಇನ್ನೊಂದು ಮೂಲೆಗೆ ಒಂದೇ ಜಾಡಿನಲ್ಲಿ ನೂರಾರು ಬಾರಿ ನೆಗೆಯುತ್ತಿದ್ದರೆ ಮಕ್ಕಳು ಸರ್ಕಸ್ ಎಂದು ಚಪ್ಪಾಳೆ ತಟ್ಟುತ್ತಾರೆ. ಹಾರಲು ಜಾಗವಿಲ್ಲದ ದೇಹವು ದಿಕ್ಕುತಪ್ಪಿ ಹಿಡಿದ ಚಾಳಿ ಅದು. ಕೈ ಒಳಗೆ ಹಾಕಿದಾಗ ಅಲುಗಾಡದೆ ನಿಂತಿತೆಂದರೆ ‘ಪಳಗಿದೆ’ ಎಂಬ ಹೆಮ್ಮೆ. ಫಿಂಚ್ ಗಿಳಿಯಂತೆ ಕೈಗೆ ಒಗ್ಗುವ ಹಕ್ಕಿಯಲ್ಲ. ಅದು ನಿಶ್ಚಲವಾದದ್ದು ಭಯದಿಂದ. ನಡುರಾತ್ರಿಯಲ್ಲಿ ರೆಕ್ಕೆ ಬಡಿದು ಸರಳುಗಳಿಗೆ ಢಿಕ್ಕಿ ಹೊಡೆದರೆ ಆಟವೆಂದು ಭಾವಿಸುವವರೂ ಇದ್ದಾರೆ.

ರಾಗವು ತನ್ನ ಸಂತೋಷವನ್ನೇ ಹಕ್ಕಿಯ ಮೈಮೇಲೆ ಬರೆದು ಓದಿಕೊಳ್ಳುತ್ತದೆ. ಜನ್ನನ ಯಶೋಧರ ಚರಿತೆಯಲ್ಲಿ ಇದಕ್ಕೆ ಹತ್ತಿರದ ಪ್ರಸಂಗವೊಂದಿದೆ. 1209ರ ಆ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪ್ರಾಣಿಜನ್ಮಗಳಲ್ಲಿ ತೊಳಲಿ ಕಡೆಗೆ ಕೋಳಿಗಳಾಗುತ್ತಾರೆ. ಮುನಿಯ ಧರ್ಮೋಪದೇಶವನ್ನು ಕೇಳಿ ಆನಂದದಿಂದ ಕೂಗುತ್ತಾರೆ. ಅರಸ ಯಶೋಮತಿಯು ಆ ಕೂಗನ್ನೇ ಗುರಿಯಾಗಿಸಿ ಶಬ್ದವೇಧಿ ಬಾಣವನ್ನು ಬಿಡುತ್ತಾನೆ. ಹಕ್ಕಿ ಎಲ್ಲಿದೆ ಎಂಬುದನ್ನು ಕೂಗು ಅವನಿಗೆ ತಿಳಿಸಿತು. ಅದು ಯಾರ ಕೂಗು, ಏತರ ಕೂಗು ಎಂಬುದನ್ನು ತಿಳಿಸಲಿಲ್ಲ. ನೇಮಿಕುಮಾರರ ಕಿವಿಗೂ ಯಶೋಮತಿಯ ಕಿವಿಗೂ ಇರುವ ವ್ಯತ್ಯಾಸ ಇದು.

ಹಕ್ಕಿಯ ಸಂಕಟವನ್ನು ಓದುವುದಕ್ಕೆ ಅದರ ನಿತ್ಯದ ನಡವಳಿಕೆಯ ಪರಿಚಯ ಮೊದಲು ಬೇಕು. ಜೀಬ್ರಾ ಫಿಂಚಿನಲ್ಲಿ ಹಾಡುವುದು ಗಂಡು ಮಾತ್ರ, ಅದೂ ತಂದೆಯಿಂದ ಕಲಿತ ಹಾಡು. ಹೆಣ್ಣು ಹಾಡದಿದ್ದರೆ ಆತಂಕಪಡಬೇಕಾಗಿಲ್ಲ. ದಿನವೂ ಹಾಡುತ್ತಿದ್ದ ಗಂಡು ನಿಲ್ಲಿಸಿತೆಂದರೆ ಗಮನಿಸಬೇಕು. ಕೋಲಿನ ಮೇಲೆ ಕೂರುವುದನ್ನು ಬಿಟ್ಟು ಪಂಜರದ ನೆಲದಲ್ಲಿ ಮೂಲೆ ಹಿಡಿಯುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಅಲುಗುವುದು, ಕೊಕ್ಕು ತೆರೆದು ಉಸಿರಾಡುವುದು ಇವು ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕಾದ ಲಕ್ಷಣಗಳು. ತನ್ನ ಗರಿಯನ್ನಾಗಲೀ ಜೊತೆಗಾರನ ಗರಿಯನ್ನಾಗಲೀ ಕೀಳುವುದು ಇಕ್ಕಟ್ಟಿನ, ಬೇಸರದ ಗುರುತು. ಬೆಳಿಗ್ಗೆ ಹತ್ತು ನಿಮಿಷ ದೂರದಲ್ಲಿ ಕುಳಿತು ಸುಮ್ಮನೆ ನೋಡುವ ಅಭ್ಯಾಸ ಇಟ್ಟುಕೊಂಡರೆ ಇವೆಲ್ಲ ತಾನಾಗಿ ಕಾಣತೊಡಗುತ್ತವೆ. ದೂರ ಎನ್ನುವುದು ಮುಖ್ಯ. ಮುಖವನ್ನು ಸರಳುಗಳಿಗೆ ಒತ್ತಿ ನೋಡುವವನಿಗೆ ಹಕ್ಕಿ ತನ್ನ ಭಯವೊಂದನ್ನೇ ತೋರಿಸೀತು.

ಇನ್ನು ಕಾರಣಗಳು. ಹತ್ತು ಪ್ರಾಣಗಳ ಲೆಕ್ಕವನ್ನು ಇಲ್ಲಿ ಕೈದೀಪದಂತೆ ಹಿಡಿಯಬಹುದು. ಶ್ವಾಸವನ್ನೇ ತೆಗೆದುಕೊಳ್ಳೋಣ. ಹಕ್ಕಿಯ ದೇಹದಲ್ಲಿ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ. ಹಾರಾಟಕ್ಕೆ ಬೇಕಾದ ಪ್ರಾಣವಾಯುವನ್ನು ಹೀರಲು ಅದು ಮನುಷ್ಯನ ಏರ್ಪಾಡಿಗಿಂತ ಸಮರ್ಥವಾದುದು. ಅದೇ ಕಾರಣಕ್ಕೆ ವಿಷವನ್ನೂ ಅಷ್ಟೇ ಬೇಗ ಹೀರುತ್ತದೆ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಬರುವ ಹೊಗೆ ಮನೆಯವರ ಮೂಗಿಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲದು. ಒಗ್ಗರಣೆಯ ಘಾಟು, ಸೊಳ್ಳೆಬತ್ತಿ, ಸುಗಂಧದ ಸ್ಪ್ರೇ ಕೂಡ ಅದಕ್ಕೆ ಬಾಧೆಯೇ. ಹೇಳಲು ಸಂಕೋಚವಾದರೂ ಹೇಳಬೇಕಾದ ಮಾತು: ದೇವರ ಕೋಣೆಯ ಧೂಪವೂ ಊದುಬತ್ತಿಯೂ ಈ ಪಟ್ಟಿಗೆ ಸೇರುತ್ತವೆ. ಜಿನಬಿಂಬದ ಮುಂದೆ ಏಳುವ ಧೂಮ ಪಕ್ಕದಲ್ಲಿಯೇ ತೂಗುವ ಪಂಜರದ ಪಂಚೇಂದ್ರಿಯ ಜೀವಿಯ ಉಸಿರನ್ನು ಕಟ್ಟಿಸುತ್ತಿದ್ದರೆ ಪಂಜರವನ್ನು ಬೇರೆ ಕೋಣೆಗೆ ಸರಿಸುವುದೂ ಪೂಜೆಯ ಭಾಗವೆಂದೇ ತಿಳಿಯಬೇಕು.

ಕಣ್ಣಿಗೆ ಆಗುವ ಘಾತ ಇದಕ್ಕಿಂತ ಸೂಕ್ಷ್ಮ. ಬಾಲ್ಕನಿಯಲ್ಲಿ ನಾಲ್ಕೂ ಕಡೆ ಬಯಲಾಗಿ ತೂಗುವ ಪಂಜರದ ಹಕ್ಕಿಗೆ ಎದುರಿನ ತಂತಿಯ ಮೇಲೆ ಕುಳಿತ ಕಾಗೆಯೂ ಆಕಾಶದ ಹದ್ದೂ ದಿನವಿಡೀ ಕಾಣುತ್ತಿರುತ್ತವೆ. ಸರಳುಗಳು ತನ್ನನ್ನು ರಕ್ಷಿಸುತ್ತವೆಂಬ ತರ್ಕ ಅದಕ್ಕೆ ತಿಳಿಯದು. ಓಡಿ ಅಡಗಲು ತಾಣವಿಲ್ಲವೆಂಬುದು ಮಾತ್ರ ತಿಳಿದಿರುತ್ತದೆ. ಪಂಜರದ ಒಂದು ಬದಿ ಗೋಡೆಗೆ ಒರಗಿದ್ದು, ಇನ್ನೊಂದು ಮೂಲೆಗೆ ಬಟ್ಟೆಯ ಮರೆಯೋ ಎಲೆಯ ಕೊಂಬೆಯೋ ಇದ್ದರೆ ಅಡಗುವ ಅವಕಾಶ ದೊರೆಯುತ್ತದೆ. ಪಂಜರವು ಮನುಷ್ಯನ ಕಣ್ಣಿನ ಮಟ್ಟದಲ್ಲಿರುವುದು ಒಳ್ಳೆಯದು. ನೆಲದ ಮೇಲಿಟ್ಟರೆ ಬಳಿಗೆ ಬಂದವರೆಲ್ಲ ಮೇಲಿನಿಂದ ಎರಗುವಂತೆ ತೋರುತ್ತಾರೆ. ರಾತ್ರಿ ಹನ್ನೊಂದರವರೆಗೆ ದೂರದರ್ಶನದ ಬೆಳಕೂ ಸದ್ದೂ ಬೀಳುವ ಪಡಸಾಲೆಯಲ್ಲಿ ಅದಕ್ಕೆ ನಿದ್ರೆಯಿಲ್ಲ. ಸೂರ್ಯಾಸ್ತದ ಬಳಿಕ ಆಹಾರವನ್ನು ಮುಟ್ಟದ ಹಕ್ಕಿ ಇದು. ರಾತ್ರಿಭೋಜನ ತ್ಯಾಗವನ್ನು ಯಾರೂ ಬೋಧಿಸದೆಯೇ ಪಾಲಿಸುತ್ತದೆ. ಅದಕ್ಕೆ ಹತ್ತು ಹನ್ನೆರಡು ಗಂಟೆಗಳ ಕತ್ತಲೆಯೂ ಮೌನವೂ ಸಲ್ಲಬೇಕು. ಗಾಳಿಯಾಡುವಂತೆ ತೆಳುಬಟ್ಟೆ ಹೊದಿಸಿದರೆ ಸಾಕು.

ಕಾಯಬಲದ ವಿಷಯದಲ್ಲಿ ಅಂಗಡಿಯವರೇ ತಪ್ಪು ಕಲಿಸುತ್ತಾರೆ. ಗೋಪುರದಂತೆ ಎತ್ತರವಾದ ದುಂಡು ಪಂಜರಗಳು ನೋಡಲು ಚೆಂದ. ಫಿಂಚ್ ಹಾರುವುದು ಅಡ್ಡಡ್ಡವಾಗಿ, ಹೆಲಿಕಾಪ್ಟರಿನಂತೆ ನೇರ ಮೇಲಕ್ಕಲ್ಲ. ಜೋಡಿಗೆ ಕನಿಷ್ಠ ಮೂರು ಅಡಿ ಉದ್ದದ ಪಂಜರ ಬೇಕು. ಇನ್ನೂ ಉದ್ದವಿದ್ದಷ್ಟು ಒಳ್ಳೆಯದು. ಎರಡು ತುದಿಗಳಲ್ಲಿ ಮಾತ್ರ ಕೋಲಿಟ್ಟು ನಡುವೆ ಹಾರಲು ತೆರವು ಬಿಡಬೇಕು. ಕೋಲುಗಳೆಲ್ಲ ಒಂದೇ ದಪ್ಪವಾಗಿದ್ದರೆ ಪಾದದ ಒಂದೇ ಜಾಗ ಒತ್ತಿ ಹುಣ್ಣಾಗುತ್ತದೆ. ಸೀಬೆಯ ಅಥವಾ ಬೇವಿನ ಒಣಗಿದ ಕೊಂಬೆಗಳನ್ನು ದಪ್ಪ ತೆಳು ನೋಡಿ ಕಟ್ಟಿದರೆ ಆ ಬಾಧೆ ತಪ್ಪುತ್ತದೆ. ಬಂಧವನ್ನು ವಿವರಿಸುವ ವ್ಯಾಖ್ಯಾನಕಾರರು, ಪಶುವನ್ನು ಕಟ್ಟಲೇಬೇಕಾದಲ್ಲಿ ಸಡಿಲವಾಗಿ, ಬೆಂಕಿ ಬಿದ್ದರೆ ಬಿಡಿಸಿಕೊಳ್ಳುವಂತೆ ಕಟ್ಟಬೇಕೆಂದು ಹೇಳಿದ್ದಾರೆ. ಹಗ್ಗಕ್ಕೆ ಹೇಳಿದ ಆ ಸಡಿಲತೆಯನ್ನು ಪಂಜರಕ್ಕೆ ಅನ್ವಯಿಸಿದರೆ ಅದು ಉದ್ದಗಲವೇ ಆಗುತ್ತದೆ.

ಅನ್ನಪಾನ ನಿರೋಧವೆಂಬ ಅತಿಚಾರ ಯಾವ ಶ್ರಾವಕನೂ ಬುದ್ಧಿಪೂರ್ವಕವಾಗಿ ಮಾಡುವಂಥದ್ದಲ್ಲ. ಆದರೂ ಫಿಂಚ್ ಸಾಕಿದ ಮನೆಗಳಲ್ಲಿ ಅದು ತುಂಬಿದ ಬಟ್ಟಲಿನ ಎದುರೇ ನಡೆದುಬಿಡಬಹುದು. ಈ ಹಕ್ಕಿ ನವಣೆಯ ಕಾಳನ್ನು ಸುಲಿದು ತಿಂದು ಹೊಟ್ಟನ್ನು ಬಟ್ಟಲಿನಲ್ಲಿಯೇ ಬಿಡುತ್ತದೆ. ದೂರದಿಂದ ನೋಡಿದವರಿಗೆ ಬಟ್ಟಲು ತುಂಬಿರುವಂತೆಯೇ ಕಾಣುತ್ತದೆ. ಊದಿ ನೋಡಿದರೆ ಹೊಟ್ಟು ಹಾರಿ ತಳ ಬರಿದಾಗಿರುತ್ತದೆ. 12 ಗ್ರಾಂ ತೂಕದ ದೇಹಕ್ಕೆ ಒಂದು ದಿನದ ಉಪವಾಸವೇ ಮಾರಕವಾಗಬಹುದು. ಉದ್ದೇಶವಿಲ್ಲದಿದ್ದರೂ ಪ್ರಮಾದದಿಂದ ಹಿಂಸೆಯಾಗುತ್ತದೆ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಉದಾಹರಣೆಯನ್ನು ಪಾಠಶಾಲೆಯಲ್ಲಿ ಕೊಡಲಾಗದು. ಬೆಳಗಾಗುತ್ತಲೇ ಹೊಟ್ಟನ್ನು ಊದಿ, ಹೊಸ ಕಾಳು ಹಾಕಿ, ನೀರನ್ನು ಬದಲಿಸುವುದು ಸಾಮಾಯಿಕದಷ್ಟೇ ನಿಯತವಾಗಿ ನಡೆಯಬೇಕು. ನೆನೆಸಿದ ಕಾಳು, ತೊಳೆದ ಸೊಪ್ಪು, ಮೀಯಲು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ನೀರು ಇವೂ ಬೇಕು.

ಮೊಟ್ಟೆಯ ಪ್ರಶ್ನೆ ವ್ರತಸ್ಥರಿಗೆ ಕಠಿಣವಾದುದು. ಗೂಡಿನ ಮಡಕೆಯನ್ನು ಇಟ್ಟರೆ ಈ ಹಕ್ಕಿಗಳು ವರ್ಷವಿಡೀ ಮೊಟ್ಟೆಯಿಡುತ್ತವೆ. ಸುಣ್ಣದ ಅಂಶ ಸಾಲದೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹೆಣ್ಣು ಸಾಯುವುದುಂಟು. ಹುಟ್ಟಿದ ಮರಿಗಳನ್ನು ಏನು ಮಾಡುವುದು? ಮಾರುವುದು ಸಲ್ಲದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ, ಶ್ರಾವಕನು ಬಿಡಬೇಕಾದ ವೃತ್ತಿಗಳನ್ನು ಎಣಿಸುವಾಗ, ಹಣಕ್ಕಾಗಿ ಗಿಳಿ, ಸಾರಿಕೆಗಳನ್ನು ಸಾಕುವುದನ್ನೂ ಸೇರಿಸಿದ್ದಾರೆ. ಇಟ್ಟ ಮೊಟ್ಟೆಯನ್ನು ಎಸೆಯುವುದಂತೂ ಊಹೆಗೂ ಸಲ್ಲದು. ಆದ್ದರಿಂದ ಗೂಡನ್ನೇ ಇಡದಿರುವುದು, ಗೂಡಿಗೆ ಒದಗುವ ನಾರನ್ನು ಕೊಡದಿರುವುದು ಉಚಿತ. ಸುಣ್ಣದ ಅಂಶಕ್ಕೆ ಅಂಗಡಿಯವರು ಕೊಡುವ ಬಿಳಿಯ ‘ಕಡಲ ನಾಲಿಗೆ’ ಸಮುದ್ರಜೀವಿಯ ಒಳಚಿಪ್ಪು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಖನಿಜದ ಗಟ್ಟಿ ದೊರೆಯುತ್ತದೆ, ಅದನ್ನು ತರಬಹುದು. ಪಂಜರದ ಸಂದುಗಳಲ್ಲಿ ಅಡಗಿ ರಾತ್ರಿ ಹಕ್ಕಿಯ ರಕ್ತ ಹೀರುವ ಕೆಂಪು ನುಸಿಯ ವಿಷಯವೂ ಹೀಗೆಯೇ. ಹುಟ್ಟಿದ ಮೇಲೆ ಕೊಲ್ಲುವುದೋ ಬಿಡುವುದೋ ಎಂದು ಚಿಂತಿಸುವುದಕ್ಕಿಂತ ಹುಟ್ಟದಂತೆ ಶುಚಿಯಾಗಿಡುವುದು ಜೈನ ಅಡುಗೆಮನೆಯ ಹಳೆಯ ವಿವೇಕ.

ಇಷ್ಟೆಲ್ಲ ತೊಡಕೇಕೆ, ಬಾಗಿಲು ತೆರೆದು ಹಾರಿಬಿಟ್ಟರೆ ಬಂಧವೂ ಇಲ್ಲ, ಅತಿಚಾರವೂ ಇಲ್ಲ ಎನ್ನುವವರಿದ್ದಾರೆ. ಮಹಾವೀರ ಜಯಂತಿಯಂದು ಹಕ್ಕಿಗಳನ್ನು ಕೊಂಡು ತಂದು ಹಾರಿಸುವವರ ಭಾವನೆಯೂ ಇದೇ. ಭಾವನೆಯ ಶುದ್ಧಿಯನ್ನು ಸಂದೇಹಿಸಬೇಕಿಲ್ಲ, ಪರಿಣಾಮವನ್ನು ನೋಡಬೇಕು. ತಲೆಮಾರುಗಳಿಂದ ಪಂಜರದಲ್ಲಿ ಹುಟ್ಟಿದ ಆಸ್ಟ್ರೇಲಿಯದ ಹಕ್ಕಿಗೆ ಇಲ್ಲಿನ ಬಯಲಿನಲ್ಲಿ ಆಹಾರ ಹುಡುಕಲು ತಿಳಿಯದು. ಹಸಿವಿಗೋ ಕಾಗೆಗೋ ತುತ್ತಾಗುತ್ತದೆ. ಹಾರಿಬಿಡಲೆಂದು ಕೊಂಡ ಪ್ರತಿ ಹಕ್ಕಿಯ ಹಿಂದೆ ಇನ್ನೊಂದು ಹಕ್ಕಿಗೆ ಬಲೆ ಬೀಳುತ್ತದೆ. ದಶವೈಕಾಲಿಕ ಸೂತ್ರವು ಜ್ಞಾನವನ್ನು ಮೊದಲಿಟ್ಟು ದಯೆಯನ್ನು ಅನಂತರ ಇಟ್ಟಿರುವುದು ಇಂಥ ಸಂದರ್ಭಗಳಿಗಾಗಿಯೇ ಇರಬೇಕು.

ಬಲೆಗೆ ಬೀಳುವ ಆ ಹಕ್ಕಿಗಳು ನಮ್ಮ ನಾಡಿನವೇ ಆದ ರಾಟವಾಳಗಳಾಗಿರಬಹುದು. ಫಿಂಚಿನ ಹತ್ತಿರದ ಬಂಧುಗಳು ಅವು. ಇವನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಆದರೂ ಬಣ್ಣ ಹಚ್ಚಿ ವಿದೇಶಿ ಹಕ್ಕಿಯೆಂದು ಮಾರುವವರಿದ್ದಾರೆ. ಕೆಂಪು ರಾಟವಾಳದ ವೈಜ್ಞಾನಿಕ ಹೆಸರಾದ ‘ಅಮಂಡವ’ ಎಂಬುದು ಅಹಮದಾಬಾದಿನ ಹೆಸರಿನ ಅಪಭ್ರಂಶ. ಹಿಂದೆ ಆ ಹಕ್ಕಿಗಳನ್ನು ಅಲ್ಲಿಂದ ಯುರೋಪಿಗೆ ಒಯ್ಯುತ್ತಿದ್ದರು. ಅನಾಥ ಪಶುಪಕ್ಷಿಗಳನ್ನು ಸಲಹುವ ಪಾಂಜರಾಪೋಳಗಳಿಗೆ ಹೆಸರಾದ ನಗರದ ಹೆಸರೇ ಮಾರಾಟದ ಹಕ್ಕಿಗೂ ಅಂಟಿಕೊಂಡಿದೆ. ದಿಲ್ವಾರದ ಬಸದಿಗಳಿರುವ ಅಬು ಬೆಟ್ಟದಲ್ಲಿ ಕಾಣಸಿಗುವ ಹಸಿರು ರಾಟವಾಳ ಭಾರತವನ್ನು ಬಿಟ್ಟು ಬೇರೆಲ್ಲಿಯೂ ಸಹಜವಾಗಿ ಇಲ್ಲ. ಹಕ್ಕಿ ವ್ಯಾಪಾರದಿಂದಾಗಿಯೇ ಅದರ ಸಂಖ್ಯೆ ಕುಗ್ಗಿ ಅಪಾಯಕ್ಕೆ ಸಿಲುಕಿದೆ. ರಾಟವಾಳವೇನಾದರೂ ಮನೆಗೆ ಬಂದಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ದಾರಿ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿ ಆಸ್ಪತ್ರೆಯಲ್ಲಿ ಗಾಯಗೊಂಡ ಹಕ್ಕಿಗಳಿಗೆ ಹಣ ಪಡೆಯದೆ ಚಿಕಿತ್ಸೆ ನೀಡಿ, ಗುಣವಾದ ಮೇಲೆ ಹಾರಿಬಿಡುತ್ತಾರೆ. ಅಲ್ಲಿ ಬಿಡುಗಡೆಗೆ ಮೊದಲು ಶುಶ್ರೂಷೆ ಇದೆ ಎಂಬುದನ್ನು ನೆನೆಯಬೇಕು.

ಹೀಗಾಗಿ ಪಂಜರದಲ್ಲಿಯೇ ಹುಟ್ಟಿದ ಫಿಂಚ್ ಮನೆಯಲ್ಲಿದ್ದರೆ ಅದರ ಆಯುಷ್ಯವಿರುವವರೆಗೆ ಚೆನ್ನಾಗಿ ನೋಡಿಕೊಳ್ಳುವುದು, ಹೊಸದನ್ನು ಕೊಳ್ಳದಿರುವುದು ಗೃಹಸ್ಥನಿಗೆ ಉಳಿದಿರುವ ಮಾರ್ಗ. ಇದು ಬಂಧದೋಷವನ್ನು ಅಳಿಸುವುದಿಲ್ಲ, ಹಗುರಗೊಳಿಸೀತು. ಆದರೆ ಈ ಮಾರ್ಗದಲ್ಲಿಯೂ ಒಂದು ದಿನ ಬಿಕ್ಕಟ್ಟು ಬರುತ್ತದೆ. ಜೋಡಿಯಲ್ಲಿ ಒಂದು ಸಾಯುತ್ತದೆ. ಉಳಿದದ್ದು ಕರೆಯುತ್ತದೆ, ಉತ್ತರವಿಲ್ಲದೆ ಸುಮ್ಮನಾಗುತ್ತದೆ, ಕಾಳನ್ನು ಬಿಡುತ್ತದೆ. ಒಂಟಿತನವು ಫಿಂಚಿಗೆ ಪಂಜರಕ್ಕಿಂತ ದೊಡ್ಡ ಸೆರೆ. ಜೊತೆಗೆ ಕನ್ನಡಿಯನ್ನು ತೂಗಹಾಕುವುದು ಮೋಸ. ಇನ್ನೊಂದನ್ನು ಕೊಂಡರೆ ಬಂಧದ ಸರಪಳಿ ಮುಂದುವರಿಯುತ್ತದೆ. ಕೊಳ್ಳದಿದ್ದರೆ ಇದು ಕೊರಗುತ್ತದೆ. ಇಂಥಲ್ಲಿ ವ್ರತವನ್ನು ಹೇಳಿ ಹಕ್ಕಿಯನ್ನು ಕೊರಗಲು ಬಿಡುವುದು ನಿಷ್ಠುರತೆಯಾದೀತೇ ಹೊರತು ಅಹಿಂಸೆಯಾಗದು.

ಅಂಗಡಿಗೆ ಹೋಗದೆಯೂ ಇದಕ್ಕೆ ಪರಿಹಾರವಿದೆ. ಫಿಂಚ್ ಸಾಕಿ ಬೇಸತ್ತವರು, ಊರು ಬಿಡುವವರು, ಒಂಟಿ ಹಕ್ಕಿ ಉಳಿದವರು ಪ್ರತಿ ನಗರದಲ್ಲಿಯೂ ಇರುತ್ತಾರೆ. ಅಂಥವರ ಹಕ್ಕಿಯನ್ನು ತಂದುಕೊಳ್ಳುವುದು, ಅಥವಾ ತಮ್ಮದನ್ನು ಈಗಾಗಲೇ ಗುಂಪಿರುವ, ಹಾರಲು ಅವಕಾಶವಿರುವ ಮನೆಗೆ ಒಪ್ಪಿಸುವುದು ಎರಡೂ ಸಾಧ್ಯ. ಬಸದಿಯಲ್ಲಿ ಭೇಟಿಯಾಗುವ ನಾಲ್ಕು ಕುಟುಂಬಗಳು ಮಾತನಾಡಿಕೊಂಡರೆ ಇದು ಕಷ್ಟವೇನಲ್ಲ. ಹೊಸ ಜೊತೆಗಾರನನ್ನು ತಂದ ದಿನವೇ ಒಂದೇ ಪಂಜರಕ್ಕೆ ಬಿಡಬಾರದು. ಬೇರೆ ಕೋಣೆಯಲ್ಲಿ, ಒಂದರ ಕರೆ ಇನ್ನೊಂದಕ್ಕೆ ಕೇಳಿಸುವಷ್ಟು ದೂರದಲ್ಲಿ ಮೂರು ನಾಲ್ಕು ವಾರ ಇಟ್ಟು, ರೋಗವಿಲ್ಲವೆಂದು ಖಚಿತವಾದ ಮೇಲೆ ಪಂಜರಗಳನ್ನು ಪಕ್ಕಪಕ್ಕದಲ್ಲಿರಿಸಬೇಕು. ಸಾಮಾನ್ಯವಾಗಿ ಆ ವಾರಗಳಲ್ಲಿಯೇ ಗೋಡೆಯಾಚೆಯಿಂದ ಬಂದ ಕರೆಗೆ ಉತ್ತರ ಕೊಡುವುದನ್ನು ಒಂಟಿ ಹಕ್ಕಿ ಮತ್ತೆ ಆರಂಭಿಸಿರುತ್ತದೆ.